ಹೊರಗೆ ಹಿಡಿದ ಹುಳುಗಳನ್ನು ಸಾಕಿದ ಕಪ್ಪೆಗೆ ಕೊಡಬಹುದೇ? ನಮ್ಮ ಗುಂಡನಿಗೆ ಆದದ್ದು

ಬನಶಂಕರಿ_ಬಾಲ್ಕನಿ · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಎರಡು ವೈಟ್ಸ್ ಮರಗಪ್ಪೆಗಳಿವೆ, ಗುಂಡ ಮತ್ತು ಬೆಲ್ಲ. ಆಸ್ಟ್ರೇಲಿಯಾ ಮೂಲದ ಜಾತಿ. ಇಲ್ಲೇ ಮರಿ ಮಾಡಿಸಿದವರ ಬಳಿಯಿಂದ ಎರಡು ವರ್ಷದ ಹಿಂದೆ ತಂದೆವು. ಮೊದಲ ವರ್ಷ ಅಂಗಡಿಯಲ್ಲಿ ಸಿಗುವ, ಮಿಡತೆಯನ್ನು ಹೋಲುವ ಕ್ರಿಕೆಟ್ ಹುಳುಗಳನ್ನೇ ಕೊಟ್ಟೆ. ಡಬ್ಬಿ ತೆರೆದರೆ ಅರ್ಧ ಹುಳುಗಳು ಸತ್ತಿರುತ್ತಿದ್ದವು, ಉಳಿದವು ಎರಡು ದಿನ ಬದುಕಿದರೆ ಹೆಚ್ಚು. ಕಳೆದ ಮಳೆಗಾಲದಲ್ಲಿ ಬಾಲ್ಕನಿಯ ಟ್ಯೂಬ್‌ಲೈಟಿಗೆ ಮುತ್ತುವ ಪತಂಗಗಳನ್ನು ನೋಡಿ, ಇವನ್ನೇ ಕೊಟ್ಟರೆ ಆಗದೇ ಎನ್ನಿಸಿತು. ಕೊಟ್ಟೆ. ಕ್ರಿಕೆಟ್ ಕಂಡರೆ ಸೋಮಾರಿಯಾಗಿ ಕೂರುತ್ತಿದ್ದ ಗುಂಡ ಪತಂಗಕ್ಕೆ ಗಾಜಿನ ಗೋಡೆಯಿಂದ ನೆಗೆದ. ಅಂದಿನಿಂದ ಪತಂಗ, ಬೆಳಗಿನ ನಡಿಗೆಯಲ್ಲಿ ಉದ್ಯಾನದ ಹುಲ್ಲಿನಿಂದ ಹಿಡಿದ ಮಿಡತೆ, ಹೂಕುಂಡದ ಎರೆಹುಳು, ಇವೇ ಅವುಗಳ ಊಟವಾಯಿತು. ಹತ್ತು ತಿಂಗಳು ಏನೂ ತೊಂದರೆ ಆಗಲಿಲ್ಲ.

ಗುರುವಾರ ಸಂಜೆ ನಮ್ಮ ಬೀದಿಗೆ ಸೊಳ್ಳೆ ಹೊಗೆ ಹಾಕುವ ಯಂತ್ರ ಬಂದಿತ್ತು. ನಾವು ಕಿಟಕಿ ಮುಚ್ಚಿದೆವು, ಕಪ್ಪೆಗಳ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿದೆವು. ಅಷ್ಟು ಎಚ್ಚರ ವಹಿಸಿದ್ದೆ. ಶುಕ್ರವಾರ ರಾತ್ರಿ ಬಾಲ್ಕನಿಯ ನೆಲದ ಮೇಲೆ ನಾಲ್ಕು ದಪ್ಪ ಪತಂಗಗಳು ಕುಳಿತಿದ್ದವು. ಬಲೆಯೇ ಬೇಕಾಗಲಿಲ್ಲ, ಬೆರಳಿನಿಂದ ಎತ್ತಿಕೊಂಡೆ. ನಾಲ್ಕನ್ನೂ ಗುಂಡನೇ ತಿಂದ. ಬೆಲ್ಲ ಚರ್ಮ ಬಿಡುವ ಹೊತ್ತಿನಲ್ಲಿದ್ದಳು, ಏನನ್ನೂ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಗುಂಡ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ. ಹಿಂಗಾಲುಗಳು ನೇರಕ್ಕೆ ಚಾಚಿದ್ದವು, ಬೆರಳುಗಳು ಒಂದೊಂದಾಗಿ ಅದುರುತ್ತಿದ್ದವು. ಅಂಗಾತ ಮಲಗಿಸಿದರೆ ಮಗುಚಿಕೊಳ್ಳಲು ಆಗುತ್ತಿರಲಿಲ್ಲ. ನನಗೆ ಕೈಕಾಲೇ ಆಡದಂತಾಯಿತು. ಆಟೋ ಹಿಡಿದು ವಿದೇಶಿ ಪ್ರಾಣಿಗಳನ್ನು ನೋಡುವ ಚಿಕಿತ್ಸಾಲಯಕ್ಕೆ ಹೋದೆವು. ಅವರು ತೊಳೆದರು, ಚುಚ್ಚುಮದ್ದು ಕೊಟ್ಟರು, ರಾತ್ರಿ ಅಲ್ಲೇ ಇಟ್ಟುಕೊಂಡರು. ಇಂದು ಮಧ್ಯಾಹ್ನ ಮನೆಗೆ ಬಂದಿದ್ದಾನೆ. ಕುಳಿತಿದ್ದಾನೆ, ಆದರೆ ಗಾಜು ಹತ್ತುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಹೊರಗಿನ ಹುಳುಗಳನ್ನು ಪೂರ್ತಿ ನಿಲ್ಲಿಸಬೇಕೇ? ನಿಲ್ಲಿಸಿದರೆ ಬದಲಿಗೆ ಏನು?

ಮಳೆಗಾಲದ_ಹುಡುಗ · ಭಾನುವಾರ, ರಾತ್ರಿ 10.05

ಓದಿ ಬಹಳ ಬೇಸರವಾಯಿತು, ಮೇಡಂ. ಗುಂಡ ಬೇಗ ಚೇತರಿಸಿಕೊಳ್ಳಲಿ.

ಆದರೆ ಒಂದು ಘಟನೆಯಿಂದ ಹೊರಗಿನ ಹುಳುಗಳನ್ನೇ ಬಿಟ್ಟುಬಿಡಬೇಡಿ. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿ, ನನ್ನ ಬಳಿ ದಕ್ಷಿಣ ಅಮೆರಿಕ ಮೂಲದ, ದೊಡ್ಡ ಬಾಯಿಯ ಒಂದು ಪ್ಯಾಕ್‌ಮನ್ ಕಪ್ಪೆ ಇದೆ. ಕಾಡಿನಲ್ಲಿ ಕಪ್ಪೆ ಒಂದೇ ಜಾತಿಯ ಹುಳು ತಿಂದು ಬದುಕುವುದಿಲ್ಲ. ಮಿಡತೆ, ಪತಂಗ, ಜಿರಳೆ, ಜೇಡ, ಎರೆಹುಳು ಹೀಗೆ ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುತ್ತದೆ. ಒಂದೊಂದು ಹುಳು ಒಂದೊಂದು ಗಿಡ ತಿಂದಿರುತ್ತದೆ, ಆ ಗಿಡಗಳ ಸತ್ವವೆಲ್ಲ ಕಪ್ಪೆಗೆ ಹೋಗುತ್ತದೆ. ಅಂಗಡಿಯ ಕ್ರಿಕೆಟ್ ಏನು ತಿಂದಿರುತ್ತದೆ? ಕೋಳಿ ಆಹಾರದ ಪುಡಿ. ವರ್ಷಗಟ್ಟಲೆ ಅದೊಂದನ್ನೇ ತಿಂದ ಕಪ್ಪೆಗೆ ಬೆನ್ನು ಬಾಗಿದ್ದನ್ನು, ದವಡೆ ರಬ್ಬರಿನಂತೆ ಮೆತ್ತಗಾದದ್ದನ್ನು ನಾನೇ ನೋಡಿದ್ದೇನೆ.

ವೈದ್ಯೆ_ಉತ್ತರ_ಬೆಂಗಳೂರು · ಭಾನುವಾರ, ರಾತ್ರಿ 11.20

ಪಶುವೈದ್ಯೆ ನಾನು, ಹಲ್ಲಿ, ಆಮೆ, ಕಪ್ಪೆಗಳನ್ನು ನೋಡುತ್ತೇನೆ. ಗುಂಡನನ್ನು ನೋಡಿದವಳು ನಾನಲ್ಲ. ಹಾಗಾಗಿ ಹೊಗೆಯೇ ಕಾರಣ ಎಂದು ಇಲ್ಲಿಂದ ತೀರ್ಪು ಕೊಡಲಾರೆ. ಆದರೆ ನೀವು ಬರೆದ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು: «ಬೆರಳಿನಿಂದ ಎತ್ತಿಕೊಂಡೆ.»

ಆರೋಗ್ಯವಾಗಿರುವ ಪತಂಗ ಬೆರಳಿಗೆ ಸಿಗುವುದಿಲ್ಲ. ಸೊಳ್ಳೆಯ ಹೊಗೆಯಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ, ಅಥವಾ ಮ್ಯಾಲಥಿಯಾನ್. ಎರಡೂ ನರಗಳ ಮೇಲೆ ಕೆಲಸ ಮಾಡುವ ವಿಷಗಳು. ಅರೆಪಾಲು ವಿಷ ತಗುಲಿದ ಹುಳು ಕೂಡಲೇ ಸಾಯುವುದಿಲ್ಲ. ಹಾರಲಾಗದೆ ನೆಲದಲ್ಲಿ ತೆವಳುತ್ತಿರುತ್ತದೆ. ನಮಗೆ ಹಿಡಿಯಲು ಅದೇ ಅತಿ ಸುಲಭದ ಹುಳು, ಕಪ್ಪೆಗೆ ಅದೇ ಅತಿ ಅಪಾಯದ ಹುಳು. ಬಾಲ್ಕನಿಯಲ್ಲಿ, ಮೆಟ್ಟಿಲಿನಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಮಂಕಾಗಿ ಕುಳಿತ ಯಾವ ಹುಳುವನ್ನೂ ಎಂದಿಗೂ ಕೊಡಬೇಡಿ. ಮನೆಯ ಜಿರಳೆಯನ್ನಂತೂ ಬೇಡವೇ ಬೇಡ. ಜಿರಳೆಗೆ ಇಡುವ ಜೆಲ್‌ನಲ್ಲಿ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಇರುತ್ತದೆ. ಅದನ್ನು ತಿಂದ ಜಿರಳೆ ಬಿಲಕ್ಕೆ ಹೋಗಿ ಉಳಿದವಕ್ಕೂ ವಿಷ ಹಂಚಿ ಸಾಯಲಿ ಎಂದೇ ಆ ಜೆಲ್ ಮಾಡಿರುವುದು. ನೀವು ಜೆಲ್ ಇಡದಿದ್ದರೂ ಪಕ್ಕದ ಮನೆಯವರು ಇಟ್ಟಿರಬಹುದು.

ಕಪ್ಪೆ ಬಾಯಿಯಿಂದ ನೀರು ಕುಡಿಯುವ ಪ್ರಾಣಿಯಲ್ಲ, ಚರ್ಮದಿಂದ ಹೀರುತ್ತದೆ. ಹಾಗಾಗಿ ವಿಷದ ಪುಡಿಯೋ ಎಣ್ಣೆಯೋ ಅಂಟಿದ ಹುಳು ಪೆಟ್ಟಿಗೆಯಲ್ಲಿ ಓಡಾಡಿದರೂ ಸಾಕು, ಹೊಟ್ಟೆಗೆ ಹೋಗಬೇಕೆಂದೇ ಇಲ್ಲ. ಈಗ ಮಾಡಬೇಕಾದದ್ದು: ಪೆಟ್ಟಿಗೆಯ ಮಣ್ಣು, ಪಾಚಿ ಎಲ್ಲವನ್ನೂ ತೆಗೆದುಹಾಕಿ, ಗುಂಡ ಗಾಜು ಹತ್ತುವವರೆಗೆ ಒದ್ದೆಯಾದ ಬಿಳಿ ಕಾಗದದ ಮೇಲೆ ಇಡಿ. ಸಣ್ಣ ತಟ್ಟೆಯಲ್ಲಿ ಕ್ಲೋರಿನ್ ಇಲ್ಲದ ನೀರು ಇರಲಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಿನ್ ಅಮೋನಿಯಾ ಸೇರಿ ಆಗುವ ಕ್ಲೋರಮೈನ್ ಹೋಗುವುದಿಲ್ಲ. ಮೂರು ನಾಲ್ಕು ದಿನ ಊಟ ಬೇಡ. ದೊಡ್ಡ ಮರಗಪ್ಪೆ ಅಷ್ಟು ದಿನ ಉಪವಾಸ ಇದ್ದರೆ ಏನೂ ಆಗದು.

ಹುಡುಗ ಹೇಳಿದ್ದಕ್ಕೆ ನಾಳೆ ಉತ್ತರಿಸುತ್ತೇನೆ. ಅವನ ಮಾತಿನಲ್ಲಿ ಅರ್ಧ ನಿಜವಿದೆ.

ಕೆರೆದಂಡೆ · ಸೋಮವಾರ, ಬೆಳಿಗ್ಗೆ 6.50

ಕಾಡಿನ ಕಪ್ಪೆ ಎಲ್ಲವನ್ನೂ ತಿನ್ನುತ್ತದೆ ಎಂಬುದು ನಿಜ. ಆದರೆ ಕಾಡಿನ ಕಪ್ಪೆಗೆ ಉಗುಳುವ ಸ್ವಾತಂತ್ರ್ಯವೂ ಇದೆ, ಬೇರೆಡೆಗೆ ಹೋಗುವ ಸ್ವಾತಂತ್ರ್ಯವೂ ಇದೆ. ಪೆಟ್ಟಿಗೆಯಲ್ಲಿ ನಾವು ಎದುರಿಗಿಟ್ಟದ್ದೇ ಊಟ.

ಜಪಾನಿನ ಕೋಬೆ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಿಂಬದಿಯಿಂದ ಕುದಿಯುವ ರಾಸಾಯನಿಕ ಚಿಮ್ಮಿಸುವ ಬೊಂಬಾರ್ಡಿಯರ್ ಎಂಬ ಜೀರುಂಡೆಯನ್ನು ನೆಲಗಪ್ಪೆಗಳಿಗೆ ಕೊಟ್ಟರು. ಕಪ್ಪೆ ನುಂಗಿತು, ಹೊಟ್ಟೆಯೊಳಗೇ ಸ್ಫೋಟದ ಸದ್ದು ಕೇಳಿಸಿತು. 43 ಪ್ರತಿಶತ ಕಪ್ಪೆಗಳು ಹುಳುವನ್ನು ವಾಂತಿ ಮಾಡಿದವು, ಕೆಲವು 12 ನಿಮಿಷಕ್ಕೆ, ಕೆಲವು 107 ನಿಮಿಷಕ್ಕೆ. ಹೊರಬಂದ ಜೀರುಂಡೆ ಲೋಳೆಯಲ್ಲಿ ಮಿಂದು ನಡೆದುಹೋಯಿತು. ಈ ಗುಂಪಿನ ಜೀರುಂಡೆಗಳು ನಮ್ಮಲ್ಲೂ ಕಲ್ಲಿನ ಅಡಿಯಲ್ಲಿ ಸಿಗುತ್ತವೆ.

ಮಿಣುಕುಹುಳು ಸಿಕ್ಕರೆ ಮುಟ್ಟಲೇಬೇಡಿ. ಅದರ ಮೈಯಲ್ಲಿರುವ ವಿಷ ನೆಲಗಪ್ಪೆಯ ವಿಷದ ಜಾತಿಗೇ ಸೇರಿದ್ದು, ಹೃದಯಕ್ಕೆ ಹೊಡೆಯುತ್ತದೆ. ವಿದೇಶದಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗಳು ಮಿಣುಕುಹುಳು ತಿಂದು ಸತ್ತದ್ದು ದಾಖಲಾಗಿದೆ. ಆ ಹಲ್ಲಿಯ ತವರಾದ ಆಸ್ಟ್ರೇಲಿಯಾದಲ್ಲಿ ಅಂಥ ಹುಳುವಿನ ಪರಿಚಯವಿರಲಿಲ್ಲ, ಹಾಗಾಗಿ ಬೇಡವೆನ್ನುವ ಬುದ್ಧಿ ಅದಕ್ಕೆ ಹುಟ್ಟಲಿಲ್ಲ. ನಮ್ಮ ಊರಿನ ಹುಳುಗಳ ಮುಂದೆ ಆಸ್ಟ್ರೇಲಿಯಾದ ಕಪ್ಪೆಯ ಗತಿಯೂ ಅದೇ.

ಹಸಿರು_ತಾರಸಿ · ಸೋಮವಾರ, ಬೆಳಿಗ್ಗೆ 8.15

ಕಪ್ಪೆ ಸಾಕಿದವಳಲ್ಲ, ಆದರೆ ಹನ್ನೆರಡು ವರ್ಷದಿಂದ ರಾಜಾಜಿನಗರದಲ್ಲಿ ತಾರಸಿ ತೋಟ ಮಾಡುತ್ತಿದ್ದೇನೆ. ಹುಳುಗಳ ಜೊತೆ ದಿನವೂ ಒಡನಾಟ. ಗಿಡದ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ಎಕ್ಕದ ಗಿಡದ ಮೇಲೆ ಹಳದಿ ನೀಲಿ ಪಟ್ಟೆಯ ದಪ್ಪ ಮಿಡತೆ ಕೂರುತ್ತದೆ, ಎಲ್ಲರೂ ನೋಡಿರುತ್ತೀರಿ. ಹಿಡಿಯಲು ಹೋದರೆ ಓಡುವುದಿಲ್ಲ, ಗಡಿಬಿಡಿಯೇ ಇಲ್ಲ. ಒತ್ತಿದರೆ ಮೈಯಿಂದ ದ್ರವ ಚಿಮ್ಮಿಸುತ್ತದೆ. ಎಕ್ಕದ ಹಾಲಿನ ವಿಷವನ್ನೇ ಅದು ತನ್ನ ಮೈಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ಎಕ್ಕದ ಎಲೆ ತಿನ್ನುವ ಪಟ್ಟೆಪಟ್ಟೆ ಕಂಬಳಿಹುಳುವಿನಂಥ ಹುಳು, ಅಂದರೆ ಕಿತ್ತಳೆ ಬಣ್ಣದ ಚಿಟ್ಟೆಯಾಗುವ ಮರಿ, ಅದೂ ಹಾಗೆಯೇ. ಕಣಗಿಲೆ ಗಿಡದ ಹಳದಿ ಹೇನುಗಳೂ ಹಾಗೆಯೇ. ಅದೇ ಮೂಲಂಗಿ ಸೊಪ್ಪಿನ ಹಸಿರು ಹುಳುವಿಗೆ, ಗರಿಕೆ ಹುಲ್ಲಿನ ಹಸಿರು ಮಿಡತೆಗೆ ಅಂಥ ವಿಷವಿಲ್ಲ. ಹುಳುವನ್ನು ನೋಡುವ ಮೊದಲು ಅದು ಕುಳಿತ ಗಿಡವನ್ನು ನೋಡಿ. ಯಾವ ಹುಳು ಬಣ್ಣಬಣ್ಣವಾಗಿ, ಎಲ್ಲರಿಗೂ ಕಾಣುವ ಹಾಗೆ, ನಿರ್ಭಯವಾಗಿ ಕುಳಿತಿರುತ್ತದೋ ಅದರ ಧೈರ್ಯಕ್ಕೆ ಕಾರಣವಿರುತ್ತದೆ.

ತೊಗರಿ, ಬೆಂಡೆ, ದಾಸವಾಳದ ಹೂ ತಿನ್ನುವ ಕಪ್ಪು ಕಿತ್ತಳೆ ಪಟ್ಟೆಯ ಜೀರುಂಡೆಯನ್ನೂ ಬಿಡಿ. ಬರಿಗೈಯಲ್ಲಿ ಹಿಸುಕಿದರೆ ನಮಗೇ ಬೊಬ್ಬೆ ಏಳುತ್ತದೆ.

ಕೆರೆದಂಡೆ · ಸೋಮವಾರ, ಬೆಳಿಗ್ಗೆ 9.02

@ಹಸಿರು_ತಾರಸಿ ಅಕ್ಕ, ಬೊಬ್ಬೆ ಜೀರುಂಡೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಕೆಲವು ಕಪ್ಪೆಗಳು ಅದನ್ನು ತಿಂದು ದಕ್ಕಿಸಿಕೊಳ್ಳುತ್ತವೆ, ವಿಷ ಮಾತ್ರ ಅವುಗಳ ಮಾಂಸದಲ್ಲಿ ಉಳಿಯುತ್ತದೆ. 19ನೇ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿದ್ದ ಫ್ರೆಂಚ್ ಸೈನಿಕರು ಕಪ್ಪೆಯ ಕಾಲು ತಿಂದು ನರಳಿದಾಗ, ಸೇನೆಯ ವೈದ್ಯರು ಅದೇ ಜಾಗದ ಕಪ್ಪೆಯ ಹೊಟ್ಟೆ ಸೀಳಿ ನೋಡಿದರು. ಒಳಗೆ ಇದೇ ಜೀರುಂಡೆಗಳಿದ್ದವು. ಹಾಗೆಂದು ಗುಂಡನ ಮೇಲೆ ಪರೀಕ್ಷೆ ಮಾಡುವುದು ಬೇಡ. ತಿಂದದ್ದು ಮೈಯಾಗುತ್ತದೆ ಎಂಬುದಕ್ಕೆ ಮಾತ್ರ ಹೇಳಿದೆ. ದಕ್ಷಿಣ ಅಮೆರಿಕದ ವಿಷದ ಕಪ್ಪೆಗಳೂ ಹಾಗೆಯೇ. ಕಾಡಿನಲ್ಲಿ ಇರುವೆ, ನುಸಿಗಳನ್ನು ತಿಂದು ಆ ವಿಷವನ್ನು ಚರ್ಮದಲ್ಲಿ ತುಂಬಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಹುಟ್ಟಿ ಹಣ್ಣುನೊಣ ತಿಂದು ಬೆಳೆದ ಅದೇ ಜಾತಿಯ ಕಪ್ಪೆಯಲ್ಲಿ ಆ ವಿಷವೇ ಇರುವುದಿಲ್ಲ.

ಹೊಸಬ_ಯಲಹಂಕ · ಸೋಮವಾರ, ಮಧ್ಯಾಹ್ನ 1.30

ನಮ್ಮ ಬಡಾವಣೆಯಲ್ಲಿ ಮಳೆ ಬಂದ ರಾತ್ರಿ ದಪ್ಪ ಕಪ್ಪೆಗಳು ಬರುತ್ತವೆ. ಒಂದನ್ನು ಹಿಡಿದು ಸಾಕಿದರೆ ಇಲ್ಲಿಯ ಹುಳುಗಳೇ ಒಗ್ಗುತ್ತವಲ್ಲವೇ?

ಕೆರೆದಂಡೆ · ಸೋಮವಾರ, ಮಧ್ಯಾಹ್ನ 2.10

ದಯವಿಟ್ಟು ಹಿಡಿಯಬೇಡಿ. ನಮ್ಮ ಹಲವು ಕಪ್ಪೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾನೂನು ಪಕ್ಕಕ್ಕಿರಲಿ, ನಿಮ್ಮ ಕಡೆಯ ಮಣ್ಣಿನ ಬೆಲೆ ನಿಮಗೆ ಗೊತ್ತಾಗಲಿ: ಯಲಹಂಕದಾಚೆಯ ರಾಜಾನುಕುಂಟೆಯ ಬಳಿ ಸಿಕ್ಕ ಬಿಲಗಪ್ಪೆಯೊಂದು ವಿಜ್ಞಾನಕ್ಕೇ ಹೊಸದೆಂದು ತಿಳಿದು, 2020ರಲ್ಲಿ ಅದಕ್ಕೆ ಸ್ಫೀರೊಥೀಕಾ ಬೆಂಗಳೂರು ಎಂದು ಹೆಸರಿಟ್ಟರು. ಮಹಾನಗರದ ಅಂಚಿನಲ್ಲಿ, 21ನೇ ಶತಮಾನದಲ್ಲಿ! ನಿಮ್ಮ ಗೇಟಿನ ಮುಂದೆ ಕೂಗುವುದು ಯಾವ ಜಾತಿಯೆಂದು ಯಾರಿಗೆ ಗೊತ್ತು. ದೀಪ ಆರಿಸಿ, ಕೂಗು ಕೇಳಿ, ಅಲ್ಲೇ ಬಿಡಿ.

ವಿದೇಶಿ ಕಪ್ಪೆ ಸಾಕುವವರಿಗೂ ಒಂದು ಮಾತು. ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಮೇಲೆ ಹೇಳಿದ ವಿಷದ ಕಪ್ಪೆಗಳು ಆ ಪಟ್ಟಿಯಲ್ಲಿವೆ. ಮತ್ತೆ, ಸಾಕಿ ಬೇಸರವಾಯಿತೆಂದು ಕೆರೆಗೆ ಬಿಡಬೇಡಿ. ನಮ್ಮ ಕಪ್ಪೆಗಳಿಗೆ ಇಲ್ಲದ ರೋಗವನ್ನು ಅದರ ಚರ್ಮ ಹೊತ್ತು ತರಬಹುದು.

ವೈದ್ಯೆ_ಉತ್ತರ_ಬೆಂಗಳೂರು · ಸೋಮವಾರ, ರಾತ್ರಿ 9.15

@ಮಳೆಗಾಲದ_ಹುಡುಗ ನಿನ್ನ ಮಾತಿಗೆ ಬರುತ್ತೇನಪ್ಪ.

ಬಾಗಿದ ಬೆನ್ನು, ಮೆತ್ತಗಿನ ದವಡೆ ಎರಡೂ ಕ್ಯಾಲ್ಸಿಯಂ ಕೊರತೆಯ ಗುರುತು. ಕಪ್ಪೆಗೆ ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಬೇಕು. ಕ್ರಿಕೆಟ್‌ನಲ್ಲಿ ಲೆಕ್ಕ ತಲೆಕೆಳಗು: ಕ್ಯಾಲ್ಸಿಯಂಗಿಂತ ರಂಜಕವೇ ಹಲವು ಪಟ್ಟು ಹೆಚ್ಚು. ಆದರೆ ನೀನು ಗಮನಿಸಬೇಕಾದದ್ದು, ಹೊರಗಿನ ಮಿಡತೆಯಲ್ಲೂ ಪತಂಗದಲ್ಲೂ ಲೆಕ್ಕ ತಲೆಕೆಳಗೇ. ಮೂಳೆಯಿಲ್ಲದ ಪ್ರಾಣಿಯಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಎರೆಹುಳು ಸ್ವಲ್ಪ ವಾಸಿ, ಅದರ ಹೊಟ್ಟೆಯಲ್ಲಿ ಮಣ್ಣಿರುತ್ತದೆ. ಹಾಗಾಗಿ ಕ್ಯಾಲ್ಸಿಯಂ ಪುಡಿಯನ್ನೂ ಡಿ3 ಜೀವಸತ್ವವನ್ನೂ ನಾವೇ ಕೊಡಬೇಕು, ಹುಳು ಎಲ್ಲಿಂದ ಬಂದರೂ ಸರಿ. ಪುಡಿ ಹಚ್ಚಿದ ಕ್ರಿಕೆಟ್ ತನ್ನ ಮೈಯನ್ನು ತಾನೇ ಒರೆಸಿಕೊಳ್ಳುತ್ತದೆ, ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಬಿಟ್ಟರೆ ಪುಡಿ ಉಳಿಯುವುದಿಲ್ಲ. ಹಚ್ಚಿದ ಕೂಡಲೇ ಕೊಡಿ.

ನಿನ್ನ ಮಾತಿನ ನಿಜವಾದ ಅರ್ಧ ಎ ಜೀವಸತ್ವದ್ದು. ಒಂದೇ ಬಗೆಯ ಸಾಕಿದ ಹುಳು ತಿಂದ ಕಪ್ಪೆಗಳಲ್ಲಿ ಈ ಕೊರತೆ ಕಾಣುತ್ತದೆ. ನನ್ನ ಬಳಿ ಒಂದು ಮರಗಪ್ಪೆ ಬಂದಿತ್ತು. ಹಸಿದಿತ್ತು, ಗುರಿಯೂ ಸರಿಯಿತ್ತು. ಪ್ರತಿಸಲ ಬಾಯಿ ತೆರೆದು ನುಗ್ಗುತ್ತಿತ್ತು, ನಾಲಿಗೆ ಹುಳುವಿನ ಬೆನ್ನಿಗೆ ತಾಗುತ್ತಿತ್ತು, ಹುಳು ಅಲ್ಲೇ ಉಳಿಯುತ್ತಿತ್ತು. ನಾಲಿಗೆಯ ಅಂಟು ಹೋಗಿತ್ತು. ಆ ಅಂಟನ್ನು ಸುರಿಸುವ ಪದರ ಎ ಜೀವಸತ್ವವಿಲ್ಲದೆ ಒಣಗಿ ಗಟ್ಟಿಯಾಗುತ್ತದೆ. ಸಾಕಿದವರು ಒಂದು ತಿಂಗಳಿನಿಂದ ಕಪ್ಪೆಗೆ ಕಣ್ಣು ಕಾಣುತ್ತಿಲ್ಲ ಎಂದೇ ತಿಳಿದಿದ್ದರು. ವೈವಿಧ್ಯ ಬೇಕು, ಒಪ್ಪುತ್ತೇನೆ. ಅದು ಬೀದಿಯ ದೀಪದಡಿಯಿಂದ ಬರಬೇಕಿಲ್ಲ.

ಇನ್ನೊಂದು, ಹೊಟ್ಟೆಹುಳು. ಹೊರಗಿನ ಎರೆಹುಳು, ಬಸವನಹುಳು ಪರಾವಲಂಬಿ ಹುಳುಗಳ ಮರಿಗಳನ್ನು ಹೊತ್ತಿರಬಹುದು. ಬಸವನಹುಳುವಿಗೆಂದು ಬಡಾವಣೆಗಳ ತೋಟದಲ್ಲಿ ವಿಷದ ಗುಳಿಗೆ ಹಾಕುವುದಂತೂ ಮಳೆಗಾಲದ ವಾಡಿಕೆಯೇ ಆಗಿದೆ. ಹೊರಗಿನ ಹುಳು ಕೊಟ್ಟವರು ಆರು ತಿಂಗಳಿಗೊಮ್ಮೆ ಕಪ್ಪೆಯ ಹಿಕ್ಕೆ ಪರೀಕ್ಷೆ ಮಾಡಿಸಿ.

ಮಳೆಗಾಲದ_ಹುಡುಗ · ಸೋಮವಾರ, ರಾತ್ರಿ 9.50

ಕ್ಯಾಲ್ಸಿಯಂ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ಒಪ್ಪಿದೆ ಮೇಡಂ. ಆದರೆ ಹೊರಗಿನ ಹುಳುವನ್ನು ಎರಡು ದಿನ ಡಬ್ಬಿಯಲ್ಲಿಟ್ಟು, ಕ್ಯಾರೆಟ್ ಕೊಟ್ಟು, ಬದುಕಿದವನ್ನು ಮಾತ್ರ ಕೊಟ್ಟರೆ? ಊರಿಗೆ ಹೋದಾಗ ನಾನು ಮಾಡುವುದು ಹಾಗೆ. ಚನ್ನಪಟ್ಟಣದ ಬಳಿ ನಮ್ಮದೇ ಹೊಲ, ಯಾವ ಔಷಧವೂ ಹೊಡೆಯುವುದಿಲ್ಲ.

ವೈದ್ಯೆ_ಉತ್ತರ_ಬೆಂಗಳೂರು · ಸೋಮವಾರ, ರಾತ್ರಿ 10.05

ನಿಮ್ಮದೇ ಹೊಲವಾದರೆ, ಸುತ್ತಲಿನವರೂ ಹೊಡೆಯದಿದ್ದರೆ, ಸರಿ. ಮಿಡತೆ ಬೇಲಿ ನೋಡಿ ಹಾರುವುದಿಲ್ಲ. ಎರಡು ದಿನ ಇಡುವುದು ಒಳ್ಳೆಯ ಅಭ್ಯಾಸ, ವಿಷ ತಗುಲಿದ್ದರೆ ಬಹುತೇಕ ಅಷ್ಟರಲ್ಲಿ ತಿಳಿಯುತ್ತದೆ, ಹೊಟ್ಟೆಯಲ್ಲಿದ್ದದ್ದೂ ಖಾಲಿಯಾಗುತ್ತದೆ. ಆದರೆ ಬದುಕಿದ ಹುಳು ಶುದ್ಧ ಎಂಬ ಖಾತರಿ ಇಲ್ಲ.

ಶಿಡ್ಲಘಟ್ಟದವನು · ಮಂಗಳವಾರ, ಬೆಳಿಗ್ಗೆ 5.45

ಎರಡು ದಿನದಿಂದ ಓದುತ್ತಿದ್ದೇನೆ. ರೇಷ್ಮೆ ಹುಳುವಿನ ಹೆಸರನ್ನು ಯಾರೂ ಎತ್ತದಿರುವುದು ನೋಡಿ ಬರೆಯಲೇಬೇಕಾಯಿತು. ಬೆಂಗಳೂರಿನಲ್ಲಿ ಕೂತು ಹುಳುವಿಲ್ಲ ಎಂದರೆ ಹೇಗೆ? ನಗರದ ಅತಿ ದೊಡ್ಡ ಸಂಚಾರ ದಟ್ಟಣೆಗೇ ಸಿಲ್ಕ್ ಬೋರ್ಡ್ ಎಂದು ಹೆಸರು. ಒಂದೂವರೆ ಗಂಟೆ ದೂರದಲ್ಲಿ ಶಿಡ್ಲಘಟ್ಟ, ಇನ್ನೊಂದು ಕಡೆ ರಾಮನಗರ, ಮನೆಮನೆಯಲ್ಲೂ ಹುಳು ಮನೆ.

ನಮ್ಮದು ಮೂರು ತಲೆಮಾರಿನ ರೇಷ್ಮೆ ಕೃಷಿ. ನಾನು ನಗರದಲ್ಲಿ ಕೆಲಸ ಮಾಡುತ್ತೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ನನ್ನ ಎರಡು ಪ್ಯಾಕ್‌ಮನ್ ಕಪ್ಪೆಗಳು ನಾಲ್ಕು ವರ್ಷದಿಂದ ರೇಷ್ಮೆ ಹುಳು ತಿಂದು ಬೆಳೆದಿವೆ. ಹುಳು ಮೆತ್ತಗೆ, ನೀರಿನಂಶ ಹೆಚ್ಚು, ಗಟ್ಟಿ ಚಿಪ್ಪಿಲ್ಲ, ಕಚ್ಚುವುದಿಲ್ಲ, ನೆಗೆಯುವುದಿಲ್ಲ, ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಸೋಫಾದ ಅಡಿ ಕೂಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಅದು ತಿನ್ನುವುದು ಹಿಪ್ಪುನೇರಳೆ ಸೊಪ್ಪು ಮಾತ್ರ, ಮತ್ತು ವಿಷವನ್ನು ಅದರಷ್ಟು ಬೇಗ ತೋರಿಸಿಕೊಡುವ ಪ್ರಾಣಿಯನ್ನು ನಾನು ಕಂಡಿಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧ ಗಾಳಿಯಲ್ಲಿ ನಮ್ಮ ಸೊಪ್ಪಿನ ಮೇಲೆ ಬಿದ್ದರೆ ಸಾಕು, ಬೆಳಗಾಗುವುದರಲ್ಲಿ ತಟ್ಟೆಯ ತಟ್ಟೆಯೇ ತಲೆ ಎತ್ತಿ, ಬಾಯಿಂದ ಹಸಿರು ನೀರು ಕಾರಿ, ಹೊರಳಾಡಿ ಸಾಯುತ್ತದೆ. ನನ್ನ ಚಿಕ್ಕಂದಿನಲ್ಲಿ ಒಮ್ಮೆ ಹಾಗಾಗಿತ್ತು. ಹಣ್ಣಾಗಿ ಗೂಡು ಕಟ್ಟಲು ಎರಡು ದಿನ ಇದ್ದ ಹುಳು. ಅಮ್ಮ ಬುಟ್ಟಿಗಟ್ಟಲೆ ತುಂಬಿ ತಿಪ್ಪೆಗೆ ಹಾಕಿದಳು, ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ರೇಷ್ಮೆ ಹುಳು ಆರೋಗ್ಯವಾಗಿ ಸೊಪ್ಪು ತಿನ್ನುತ್ತಿದ್ದರೆ, ಆ ಸೊಪ್ಪಿನ ಬಗ್ಗೆ ಅದೇ ಪರೀಕ್ಷೆ ಮಾಡಿ ಮುಗಿಸಿದೆ ಎಂದರ್ಥ.

ಎಚ್ಚರಗಳೂ ಇವೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ರೋಗ ಬಾರದಂತೆ ಹಾಸಿಗೆಯ ಮೇಲೆ ಸುಣ್ಣ ಅಥವಾ ಸೋಂಕು ನಿವಾರಕ ಪುಡಿ ಹಾಕುತ್ತಾರೆ. ಪುಡಿ ಮೆತ್ತಿದ ಹುಳು ಬೇಡ. ಮುಂದಿನ ಜ್ವರಕ್ಕೆ ಹೋಗುವ ಮೊದಲು, ಎರಡು ಮೂರು ಸಲ ಹೊಸ ಸೊಪ್ಪು ತಿಂದ ಹುಳುವನ್ನು ಕೇಳಿ ತನ್ನಿ. ಹಾಲುತೊಂಡೆ ರೋಗ ಬಂದ ಹುಳು ಮೈ ಹೊಳೆದು, ಊದಿ, ಮುಟ್ಟಿದರೆ ಬಿಳಿ ನೀರು ಬಿಡುತ್ತದೆ. ಆ ರೋಗ ಕಪ್ಪೆಗೆ ಅಂಟುವುದಿಲ್ಲ, ಆದರೂ ಕೊಳೆತದ್ದನ್ನು ಕೊಡುವುದು ಏಕೆ? ಮರಿಹುಳುಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದರೆ ಚಿಕ್ಕ ಕಪ್ಪೆಗೆ ಸರಿ, ನಾಲ್ಕನೇ ಹಂತದ್ದು, ಅಂದರೆ ಮೂರನೇ ಜ್ವರ ಎದ್ದದ್ದು, ಮರಗಪ್ಪೆಗೆ ಸರಿ. ಐದನೇ ಹಂತದ ಹುಳು ಬೆರಳುದ್ದ ಇರುತ್ತದೆ, ಅದು ಪ್ಯಾಕ್‌ಮನ್ ಕಪ್ಪೆಯ ಪಾಲು.

ಒಂದು ಕೊರತೆ: ರೇಷ್ಮೆ ಹುಳು ಹೆಚ್ಚು ಚಲಿಸುವುದಿಲ್ಲ. ಚಲಿಸದ್ದು ಕಪ್ಪೆಗೆ ಊಟವಾಗಿ ಕಾಣುವುದಿಲ್ಲ. ಮೊಂಡು ತುದಿಯ ಚಿಮಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು.

ಕ್ರಿಕೆಟ್_ಡಬ್ಬಿ · ಮಂಗಳವಾರ, ಮಧ್ಯಾಹ್ನ 12.20

ರೇಷ್ಮೆ ಹುಳು ಒಳ್ಳೆಯದೇ, ಆದರೆ ಅದೊಂದೇ ಆದರೆ ಮತ್ತೆ ಹಳೆಯ ಕಥೆ. ಮನೆಯಲ್ಲೇ ಕ್ರಿಕೆಟ್ ಬೆಳೆಸಿ. ನಮ್ಮ ಹಳ್ಳಿಯಲ್ಲಿ ಚಿಮ್ಮಂಡೆ ಎನ್ನುವುದು ಇದನ್ನೇ. ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಲೋಹದ ಜಾಲರಿ (ನೈಲಾನ್ ಜಾಲರಿಯನ್ನು ಕಡಿದು ಹೊರಬರುತ್ತವೆ), ಒಳಗೆ ಕಾಗದದ ಮೊಟ್ಟೆ ಟ್ರೇಗಳು. ಮೊಟ್ಟೆಯಿಡಲು ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಬಟ್ಟಲು. ಡಬ್ಬಿ ಬೆಚ್ಚಗಿದ್ದರೆ ಸುಮಾರು ಹತ್ತು ಹನ್ನೆರಡು ದಿನಕ್ಕೆ ಮರಿ, ಎರಡು ತಿಂಗಳಿನೊಳಗೆ ರೆಕ್ಕೆ. ನಮ್ಮ ಡಿಸೆಂಬರ್ ಚಳಿಯಲ್ಲಿ ನಿಧಾನ.

ಕಪ್ಪೆಗೆ ಕೊಡುವ ಹಿಂದಿನ ದಿನ ಅವಕ್ಕೆ ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ ಹಾಕುತ್ತೇನೆ. ಅಂಗಡಿಯ ಸೊಪ್ಪನ್ನು ಮೊದಲು ನಾಲ್ಕೈದು ಹುಳುಗಳಿಗೆ ಕೊಟ್ಟು ಒಂದು ದಿನ ಕಾಯುತ್ತೇನೆ. ಒಮ್ಮೆ ಕೊತ್ತಂಬರಿ ಹಾಕಿದ ರಾತ್ರಿಯೇ ಇಡೀ ಡಬ್ಬಿ ಸತ್ತಿತ್ತು. ಅದೇ ಕಟ್ಟಿನ ಸೊಪ್ಪು ನಮ್ಮ ಸಾರಿಗೂ ಬಿದ್ದಿತ್ತು.

ಹಸಿರು_ತಾರಸಿ · ಮಂಗಳವಾರ, ಸಂಜೆ 6.30

ಕೊತ್ತಂಬರಿಯ ಮಾತು ಓದಿ ಹೊಟ್ಟೆ ಚುರುಕ್ ಎಂದಿತು. ಅದಕ್ಕೇ ನಾನು ತಾರಸಿ ಹತ್ತಿದ್ದು.

@ಬನಶಂಕರಿ_ಬಾಲ್ಕನಿ ಮೇಡಂ, ಹತ್ತಿರದವರಾಗಿದ್ದರೆ ನನ್ನ ತಾರಸಿಯ ಮೂಲಂಗಿ ಸೊಪ್ಪಿನ ಹುಳುಗಳನ್ನು ಕೊಡುತ್ತಿದ್ದೆ. ಬೇವಿನ ಎಣ್ಣೆಯನ್ನೂ ಸಿಂಪಡಿಸುವುದಿಲ್ಲ, ಕೈಯಿಂದಲೇ ಆರಿಸುತ್ತೇನೆ. ಆದರೆ ನಮ್ಮ ಬೀದಿಗೂ ಹೊಗೆಯ ಯಂತ್ರ ಬರುತ್ತದೆ. ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ವಾರ ಯಾರಿಗೂ ಹುಳು ಕೊಡುವುದಿಲ್ಲ.

ಮಳೆಗಾಲದ_ಹುಡುಗ · ಮಂಗಳವಾರ, ರಾತ್ರಿ 8.00

ಮೊದಲ ಮಳೆಗೆ ಏಳುವ ರೆಕ್ಕೆ ಗೆದ್ದಲು? ನಮ್ಮ ಊರಿನಲ್ಲಿ ಹುರಿದು ತಿನ್ನುವವರೂ ಇದ್ದಾರೆ.

ವೈದ್ಯೆ_ಉತ್ತರ_ಬೆಂಗಳೂರು · ಮಂಗಳವಾರ, ರಾತ್ರಿ 8.25

ಊರಿನ ಹುತ್ತದಿಂದ ಎದ್ದದ್ದಾದರೆ ವರ್ಷಕ್ಕೊಮ್ಮೆ ಹಬ್ಬದೂಟದಂತೆ ಕೊಡು. ಕೊಬ್ಬು ಬಹಳ. ನಗರದಲ್ಲಿ ಬೇಡ. ಕಟ್ಟಡಗಳ ಅಡಿಪಾಯಕ್ಕೆ ಗೆದ್ದಲಿನ ಔಷಧ ಸುರಿಯುತ್ತಾರೆ, ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯಲೆಂದೇ ಸುರಿಯುವುದು.

ಬನಶಂಕರಿ_ಬಾಲ್ಕನಿ · ಶನಿವಾರ, ರಾತ್ರಿ 10.30

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಒಂದು ವಾರದ ಸುದ್ದಿ ಹೇಳುತ್ತೇನೆ.

ಬುಧವಾರ ಗುಂಡ ಗಾಜು ಹತ್ತಿದ. ಮಗಳು ಶಾಲೆಗೆ ಹೊರಟವಳು ಬಾಗಿಲಿನಿಂದ ಓಡಿಬಂದು ಕಿರುಚಿದಳು. ಹಿಕ್ಕೆ ಪರೀಕ್ಷೆಯಲ್ಲಿ ದುಂಡುಹುಳುವಿನ ಮೊಟ್ಟೆಗಳು ಸಿಕ್ಕಿವೆ, ಬೆಲ್ಲಳಲ್ಲೂ ಸಹ. ಹೂಕುಂಡದ ಎರೆಹುಳು ಕಾರಣವಿರಬಹುದು ಎಂದರು. ಎರಡಕ್ಕೂ ಔಷಧ ನಡೆಯುತ್ತಿದೆ. ಹತ್ತು ತಿಂಗಳು ಏನೂ ತೊಂದರೆ ಆಗಲಿಲ್ಲ ಎಂದು ಬರೆದಿದ್ದೆ, ಆ ಸಾಲನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ಕಾಣಿಸುತ್ತಿರಲಿಲ್ಲ ಅಷ್ಟೆ.

ಬಾಲ್ಕನಿಯ ದೀಪವನ್ನು ರಾತ್ರಿ ಎಂಟಕ್ಕೇ ಆರಿಸುತ್ತಿದ್ದೇವೆ. ಕ್ರಿಕೆಟ್ ಡಬ್ಬಿ ಸಿದ್ಧವಾಗಿದೆ, ಮೊಟ್ಟೆಗಾಗಿ ಕಾಯುತ್ತಿದ್ದೇವೆ. ನಿನ್ನೆ ಶಿಡ್ಲಘಟ್ಟದ ಅಣ್ಣನವರು ಊರಿನಿಂದ ಬರುವಾಗ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಮೂವತ್ತು ಹುಳುಗಳನ್ನೂ ಒಂದು ಹೊರೆ ಸೊಪ್ಪನ್ನೂ ಮೆಜೆಸ್ಟಿಕ್‌ನಲ್ಲಿ ಕೊಟ್ಟುಹೋದರು. ಹಣ ತೆಗೆದುಕೊಳ್ಳಲಿಲ್ಲ. ರಾತ್ರಿ ಮನೆ ನಿಶ್ಶಬ್ದವಾದಾಗ ಡಬ್ಬಿಯ ಹತ್ತಿರ ಕಿವಿಯಿಟ್ಟರೆ, ಮೂವತ್ತೇ ಹುಳುವಾದರೂ ಎಲೆ ಮೆಲ್ಲುವ ಸದ್ದು ಸಣ್ಣ ಮಳೆಯಂತೆ ಕೇಳಿಸುತ್ತದೆ.

ಇಂದು ವೈದ್ಯರ ಒಪ್ಪಿಗೆ ಪಡೆದು ಮೊದಲ ಹುಳುವಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ, ಚಿಮಟದಲ್ಲಿ ಗುಂಡನ ಮುಂದೆ ಹಿಡಿದೆ. ಎರಡು ನಿಮಿಷ ಅವನು ಕಲ್ಲಿನಂತೆ ಕುಳಿತಿದ್ದ. ಹುಳು ತಾನಾಗಿಯೇ ತಲೆ ಎತ್ತಿ ಆಚೀಚೆ ಆಡಿಸಿತು. ಗುಂಡನ ಮುಂಗಾಲಿನ ಒಂದು ಬೆರಳು ನಡುಗಿತು. ಶನಿವಾರದ ನಡುಕವೇ ಮತ್ತೆ ಬಂತೇನೋ ಎಂದು ನನ್ನ ಎದೆ ಧಸಕ್ ಎಂದಿತು. ಅಷ್ಟರಲ್ಲಿ ಹುಳು ಚಿಮಟದಲ್ಲಿ ಇರಲಿಲ್ಲ. ಅವನ ಎರಡು ಕಣ್ಣುಗಳೂ ತಲೆಯೊಳಗೆ ಮುಳುಗಿ, ಹುಳುವನ್ನು ಗಂಟಲಿಗೆ ನೂಕಿ, ಮತ್ತೆ ಮೇಲೆ ಬಂದವು.

ಶಿಡ್ಲಘಟ್ಟದ ಅಣ್ಣ, ಉಳಿದ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಡುವುದೋ ಅಥವಾ ಫ್ರಿಜ್‌ನಲ್ಲೋ? ನಾಳೆ ಬೆಳಿಗ್ಗೆಯೊಳಗೆ ತಿಳಿಸಿ.

ಶಿಡ್ಲಘಟ್ಟದವನು · ಶನಿವಾರ, ರಾತ್ರಿ 10.48

ಗೋಣಿಯಲ್ಲಿ, ಅಕ್ಕ. ನೆರಳಲ್ಲಿಡಿ. ಆದರೆ ಎಲೆಯ ಮೇಲೆ ನೀರು ನಿಂತಿರುವಾಗ ಹುಳುವಿಗೆ ಹಾಕಬೇಡಿ, ಒರೆಸಿ ಹಾಕಿ. ಮುಂದಿನ ಶುಕ್ರವಾರ ಹಿಪ್ಪುನೇರಳೆಯ ನಾಲ್ಕು ಕಡ್ಡಿ ತರುತ್ತೇನೆ, ಒಂದು ದೊಡ್ಡ ಕುಂಡ ತೆಗೆದಿಡಿ.